ಆಚಾರಪ್ಪನ ಇಪ್ಪತ್ತು ಸೇರು

ಊರಿನ ಕುಲುಮೆ ನಮ್ಮ ಶಾಲೆಯ ಹಿಂದೆಯೇ ಇತ್ತು. ನಾನು ಹತ್ತು ಗಂಟೆಗೆ ಗಂಟೆ ಬಾರಿಸುವ ಹೊತ್ತಿಗೆ ಅಲ್ಲಿ ಸುತ್ತಿಗೆಯ ಸದ್ದು ಶುರುವಾಗಿ ಎರಡು ತಾಸು ಕಳೆದಿರುತ್ತಿತ್ತು. ಮಕ್ಕಳಿಗೆ ಮಗ್ಗಿ ಹೇಳಿಸುವಾಗ ಆ ಸದ್ದು ಅಡ್ಡಿಯಾಗುತ್ತದೆ ಎಂದು ಇನ್ಸ್‌ಪೆಕ್ಟರು ಒಮ್ಮೆ ಆಕ್ಷೇಪಿಸಿದರು. ಅದರ ತಾಳಕ್ಕೇ ಹೇಳಿಸುತ್ತೇನೆ ಎಂದೆ. ಅವರು ಅದನ್ನು ತಮಾಷೆ ಎಂದುಕೊಂಡರು. ನಾನು ನಿಜವನ್ನೇ ಹೇಳಿದ್ದೆ.

ಅದು ಮಾಲೂರು ತಾಲ್ಲೂಕಿನ ಸಣ್ಣ ಊರು. ಮಾಸ್ತಿಯಿಂದ ಮೂರು ಮೈಲಿ ನಡೆಯಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಹುಟ್ಟಿದೂರಿಗೇ ಮೇಷ್ಟ್ರಾಗಿ ವರ್ಗವಾಗಿ ಬಂದಿದ್ದೆ. ಮನೆಯಲ್ಲಿ ಅಣ್ಣ, ಅತ್ತಿಗೆ. ಬೇಸಾಯವೆಲ್ಲ ಅಣ್ಣನದು. ನಾನು ಕೋಲಾರದ ಹಾಸ್ಟೆಲಿನಲ್ಲಿ ಓದಿದವನು. ಅಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು ಗಂಟೆ, ಊಟಕ್ಕೊಂದು ಗಂಟೆ. ಆ ಶಿಸ್ತು ಮೈಗೆ ಹತ್ತಿ ಬಿಡಲೇ ಇಲ್ಲ. ನಾಲ್ಕೂವರೆಗೆ ಏಳುತ್ತಿದ್ದೆ, ಒಂಬತ್ತಕ್ಕೆ ಮಲಗುತ್ತಿದ್ದೆ, ತಿಂಗಳ ಮೊದಲ ವಾರದಲ್ಲಿ ಸಂಬಳ ತರುತ್ತಿದ್ದೆ. ಪ್ರಪಂಚದಲ್ಲಿ ಎಲ್ಲವೂ ಹೀಗೆ ಗೊತ್ತಾದ ದಿನ, ಗೊತ್ತಾದ ಮೊತ್ತದಲ್ಲಿ ನಡೆದರೆ ಜಗಳವೇ ಇರುವುದಿಲ್ಲವೆಂದು ನಂಬಿದ್ದೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಈ ನಂಬಿಕೆಯನ್ನು ನನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ಸಾಕಿತ್ತು.

ಕುಲುಮೆಯವರನ್ನು ಊರೆಲ್ಲ ಆಚಾರಪ್ಪ ಎಂದೇ ಕರೆಯುತ್ತಿತ್ತು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮನೆಯಲ್ಲಿ ಗಂಡ ಹೆಂಡತಿ ತೆಲುಗು ಮಾತಾಡುತ್ತಿದ್ದರು, ನಮ್ಮೊಡನೆ ಕನ್ನಡ. ಹೆಂಡತಿ ತಿದಿ ಒತ್ತುತ್ತಿದ್ದರು, ಆಚಾರಪ್ಪ ಬಡಿಯುತ್ತಿದ್ದರು. ನೇಗಿಲ ಗುಳ ಕಾಯಿಸಿ ಮೊನೆ ಮಾಡುವುದು, ಕುಡುಗೋಲಿಗೆ ಹಲ್ಲು ಕಡಿಯುವುದು, ಗುದ್ದಲಿ ಸರಿಮಾಡುವುದು. ವರ್ಷವಿಡೀ ಮಾಡುವ ಈ ಕೆಲಸಕ್ಕೆ ಅವರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸುಗ್ಗಿಯಲ್ಲಿ ನೇಗಿಲೊಂದಕ್ಕೆ ಇಪ್ಪತ್ತು ಸೇರು ರಾಗಿ ಸಲ್ಲುತ್ತಿತ್ತು. ಅದಕ್ಕೆ ಆಯ ಎನ್ನುತ್ತಿದ್ದರು. ರಾಶಿ ಮನೆಗೆ ಹೊರಡುವ ಮುಂಚೆ ಕಣದಲ್ಲೇ ಅದನ್ನು ಅಳೆದುಕೊಡಬೇಕು. ಊರಿನಲ್ಲಿ ನಲವತ್ತು ನೇಗಿಲುಗಳಿದ್ದವು. ಪಲ್ಲಕ್ಕೆ ನೂರು ಸೇರಿನಂತೆ ವರ್ಷಕ್ಕೆ ಎಂಟು ಪಲ್ಲ ರಾಗಿ. ಅದರಲ್ಲಿ ಉಂಡು, ಮಿಕ್ಕದ್ದನ್ನು ಮಾಲೂರಿನ ಸಂತೆಯಲ್ಲಿ ಮಾರಿ, ಆ ದುಡ್ಡಿಗೆ ಇದ್ದಲು ತರುತ್ತಿದ್ದರು.

ಎರಡು ವರ್ಷ ಮಳೆ ಚೆನ್ನಾಗಿ ಆಗಿ ರಾಗಿ ಅಗ್ಗವಾಯಿತು. ಮೂಟೆ ಹೊತ್ತು ಸಂತೆಗೆ ಹೋದ ಆಚಾರಪ್ಪ ಅರ್ಧ ಮೂಟೆ ವಾಪಸು ತಂದರು. ಅದನ್ನು ಕಂಡು ನಾನು ಕುಲುಮೆಗೆ ಹೋದೆ.

"ಇದೆಲ್ಲ ಯಾಕೆ ಆಚಾರಪ್ಪ? ನನ್ನ ಹಾಗೆ ನೀವೂ ಸಂಬಳ ತಗೊಳ್ಳಿ. ನೇಗಿಲಿಗೆ ವರ್ಷಕ್ಕೆ ಹದಿನೈದು ರೂಪಾಯಿ. ಇವತ್ತಿನ ರಾಗಿ ರೇಟಿಗಿಂತ ಜಾಸ್ತೀನೇ ಆಯ್ತು."

ಆಚಾರಪ್ಪ ಕಬ್ಬಿಣ ತಿರುಗಿಸುತ್ತ, "ಕೊಡ್ತಾರಾ?" ಎಂದರು.

"ಕೊಡಿಸೋ ಜವಾಬ್ದಾರಿ ನಂದು."

ತಿದಿ ಒತ್ತುತ್ತಿದ್ದ ಅವರ ಹೆಂಡತಿ ಕೈ ನಿಲ್ಲಿಸಿದರು. "ನಿಮಗೆ ಸರ್ಕಾರ ಕೊಡುತ್ತೆ ಸಾಮಿ ಸಂಬಳ. ನಮಗೆ ಯಾರು? ಈ ಗೌಡರಾ? ಗುಡಾಣದಲ್ಲಿ ರಾಗಿ ಇದ್ರೆ ನನಗೆ ಧೈರ್ಯ."

"ಕಾಲ ಬದಲಾಯ್ತಮ್ಮ," ಎಂದೆ.

"ಹೊಟ್ಟೆ ಬದಲಾಗ್ಲಿಲ್ವಲ್ಲ," ಎಂದು ಮತ್ತೆ ತಿದಿ ಒತ್ತಿದರು.

ನಾನು ಒಂದು ವಾರ ಮನೆ ಮನೆ ತಿರುಗಿದೆ. ರೈತರು ಒಪ್ಪಿದರು. ಆದರೆ ಪ್ರತಿ ವರ್ಷ ದರದ ಮೇಲೆ ಜಗಳ ಬೇಡವೆಂದರು. ನನಗೂ ಅದು ಸರಿಯೆನಿಸಿತು. ಐದು ವರ್ಷ ಯಾರೂ ದರ ಏರಿಸುವಂತಿಲ್ಲ, ಇಳಿಸುವಂತಿಲ್ಲ, ಕಣಕ್ಕೆ ಬಂದು ಆಯ ಕೇಳುವಂತಿಲ್ಲ ಎಂದು ನನ್ನ ಕೈಯಾರೆ ಬರೆದೆ. ಅಕ್ಷರ ದುಂಡಗೆ ಬಂದಿತ್ತು. ನಲವತ್ತು ಮನೆಯವರು ರುಜು ಅಥವಾ ಹೆಬ್ಬೆಟ್ಟು ಹಾಕಿದರು. ಕಡೆಯಲ್ಲಿ ಆಚಾರಪ್ಪ ಮಸಿ ಹತ್ತಿದ ಬೆರಳಿನಿಂದಲೇ ಒತ್ತಿದರು. ಶಾಯಿ ಬೇಕಾಗಲಿಲ್ಲ.

ಮೊದಲ ವರ್ಷ ಚೆನ್ನಾಗಿ ನಡೆಯಿತು. ಸಂಕ್ರಾಂತಿಗೆ ದುಡ್ಡು ಬಂತು. ಎರಡನೆಯ ವರ್ಷ ಯಾವುದೋ ದೂರದ ದೇಶಗಳಲ್ಲಿ ಯುದ್ಧವಾಗಿ ಎಣ್ಣೆಯ ಬೆಲೆ ಏರಿತೆಂದು ಪತ್ರಿಕೆಯಲ್ಲಿ ಓದಿದೆ. ಅದು ನಮ್ಮೂರಿಗೆ ಮುಟ್ಟುವ ಸುದ್ದಿಯೆಂದು ಅನ್ನಿಸಲಿಲ್ಲ. ಮೊದಲು ಸೀಮೆಎಣ್ಣೆ ಸಿಗುವುದು ನಿಂತಿತು. ಆಮೇಲೆ ಮಾಸ್ತಿಯಿಂದ ಮಾಲೂರಿಗೆ ಬಸ್ ಚಾರ್ಜು ಏರಿತು. ಬಸ್ಸಿನಲ್ಲಿ ಬರುವ ಸೋಪು, ಕಡಲೆಕಾಯಿ ಎಣ್ಣೆ, ಬೆಲ್ಲ ಎಲ್ಲವೂ ಅದರ ಹಿಂದೆ ಏರಿದವು. ಸಂತೆಯಲ್ಲಿ ಬೆಳಿಗ್ಗೆ ಕೇಳಿದ ಬೆಲೆ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಅತ್ತಿಗೆ ಬೆಳಿಗ್ಗೆ ವಿಚಾರಿಸಿ ಮಧ್ಯಾಹ್ನ ಕೊಳ್ಳುವ ರೂಢಿಯವರು, ಮಧ್ಯಾಹ್ನವಾದರೆ ವ್ಯಾಪಾರಿ ತಗ್ಗುತ್ತಾನೆಂದು. ಆ ವರ್ಷ ಆ ರೂಢಿ ಬಿಟ್ಟರು. ಹೋಟೆಲಿನಲ್ಲಿ ಇಡ್ಲಿಯ ಬೆಲೆ ಅಷ್ಟೇ ಇತ್ತು, ಇಡ್ಲಿ ಮಾತ್ರ ಮುಕ್ಕಾಲಾಗಿತ್ತು.

ನನಗೆ ತುಟ್ಟಿಭತ್ಯೆ ಬಂತು. ತಡವಾಗಿ, ಕಡಿಮೆಯಾಗಿ, ಆದರೂ ಬಂತು. ಅಣ್ಣನ ರಾಗಿಗೆ ಎರಡರಷ್ಟು ಬೆಲೆಯಾಯಿತು. ಆಚಾರಪ್ಪನಿಗೆ ಮಾತ್ರ ಹದಿನೈದು ರೂಪಾಯಿ ಹದಿನೈದಾಗಿಯೇ ಉಳಿಯಿತು. ಇದ್ದಲು ಎರಡರಷ್ಟಾಗಿತ್ತು. ರಾಗಿಯನ್ನು ಅವರೀಗ ಕೊಳ್ಳಬೇಕಿತ್ತು. ಊರಿನ ಆಯಗಾರನೊಬ್ಬ ಊರಿನ ಅಂಗಡಿಯಲ್ಲಿ ಚೀಲ ಹಿಡಿದು ರಾಗಿಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನನ್ನು ಕಂಡು ಅವರು ಚೀಲವನ್ನು ಹಿಂದಕ್ಕೆ ಹಿಡಿದರು. ಶಾಲೆಗೆ ಹೊತ್ತಾಗಿತ್ತು, ನಾನು ನಡೆದೆ.

ಆ ಸುಗ್ಗಿಯಲ್ಲಿ ಆಚಾರಪ್ಪನ ಮನೆಗೆ ರಾಗಿ ಬರುತ್ತದೋ ಇಲ್ಲವೋ ಎಂಬುದು ಊರಿಗೆಲ್ಲ ಗೊತ್ತಿದ್ದ, ಯಾರೂ ಎತ್ತದ ಪ್ರಶ್ನೆಯಾಗಿತ್ತು.

ಅವರು ಮೊದಲು ಬಂದದ್ದು ನಮ್ಮ ಕಣಕ್ಕೆ. ಭಾನುವಾರವಾದ್ದರಿಂದ ನಾನೂ ಇದ್ದೆ. ರಾಶಿಗೆ ಪೂಜೆಯಾಗಿತ್ತು. ಅಣ್ಣ ಸೇರು ಹಿಡಿದು ಕುಳಿತಿದ್ದ. ಆಚಾರಪ್ಪ ಮತ್ತು ಅವರ ಹೆಂಡತಿ ಹಳೆಯ ಜಾಗದಲ್ಲೇ, ರಾಶಿಯ ಪಡುವಣಕ್ಕೆ, ಮೊರ ಹಿಡಿದು ನಿಂತರು. ಏನೂ ಕೇಳಲಿಲ್ಲ. ಆಯಕ್ಕೆ ನಿಂತವರು ಬಾಯಿಬಿಟ್ಟು ಕೇಳುವ ಪದ್ಧತಿಯೂ ಇರಲಿಲ್ಲ.

ಅಣ್ಣ ತಲೆ ಎತ್ತಿದ. "ಏನಾಚಾರಪ್ಪ, ಈ ಕಡೆ?"

"ಹಿಂಗೇ, ಬಂದ್ವಿ ಗೌಡ."

"ಸಂಕ್ರಾಂತಿಗೆ ದುಡ್ಡು ಕೊಡ್ತೀವಲ್ಲ. ಬರಕೊಟ್ಟಿದ್ದೀವಿ. ನಾನು ಬರೆದಿದ್ದಲ್ಲಪ್ಪ, ಅಗೋ, ಅಲ್ಲಿ ನಿಂತವ್ನೆ ನೋಡು, ಅವನ ಕೈಬರಹ."

ಕಣದಲ್ಲಿದ್ದ ಆಳುಗಳು ನನ್ನ ಕಡೆ ನೋಡಿದರು.

"ಅಣ್ಣ, ಆಗಿನ ಬೆಲೆ ಬೇರೆ ಇತ್ತು," ಎಂದೆ.

"ಹೌದಾ? ರಾಗಿ ಅರ್ಧಕ್ಕೆ ಬಿದ್ದಿದ್ರೆ ಆಚಾರಪ್ಪ ಏಳೂವರೆ ತಗೋತಿದ್ನಾ? ಹೇಳೋ ಮೇಷ್ಟ್ರೇ. ನೀನೇ ಲೆಕ್ಕ ಹೇಳಿಕೊಡೋನು."

ಅಣ್ಣ ಕೆಟ್ಟವನಲ್ಲ. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ನಮ್ಮ ಕಡೆಯ ಕಟ್ಟುಪಾಡು. ಭಿಕ್ಷುಕರಿಗೂ ಒಂದು ಮೊರ ಬೀಳುತ್ತಿತ್ತು. ಅವನು ಬೊಗಸೆ ತುಂಬಿ ರಾಗಿ ಎತ್ತಿ ಅವರತ್ತ ಚಾಚಿದ. "ಆಯ ಅಂತ ಬೇಡ. ಧರ್ಮಕ್ಕೆ ಅಂತ ತಗೊಳ್ಳಿ. ಒಂದು ಮೊರ ಅಲ್ಲ, ಎರಡು ಹಾಕ್ತೀನಿ."

ಆಚಾರಪ್ಪ ಮೊರ ಮುಂದೆ ಮಾಡಲಿಲ್ಲ. ಅವರ ಹೆಂಡತಿ, "ಪದಂಡಿ, ಪೋದಾಂ," ನಡೀರಿ ಹೋಗೋಣ, ಎಂದರು. ಇಬ್ಬರೂ ಹೊರಟರು. ಅಣ್ಣ ಕೈಯಲ್ಲಿದ್ದ ರಾಗಿಯನ್ನು ರಾಶಿಗೇ ಬಿಟ್ಟು ಅಳೆಯತೊಡಗಿದ. ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ವಾಡಿಕೆ. ಅವನು ಅದನ್ನು ಎಂದಿಗಿಂತ ಜೋರಾಗಿ ಹೇಳಿದ.

ಉಳಿದ ಕಣಗಳಿಗೆ ಅವರು ಹೋಗಲಿಲ್ಲ. ಸಂಕ್ರಾಂತಿಗೆ ಕೊಡಹೋದ ದುಡ್ಡನ್ನೂ ಮುಟ್ಟಲಿಲ್ಲ.

ತಪ್ಪು ನನ್ನದು, ಅದನ್ನು ಸರಿಪಡಿಸುವ ಖರ್ಚೂ ನನ್ನದೇ ಆಗಬೇಕೆಂದು ಲೆಕ್ಕ ಹಾಕಿದೆ. ಸಂಬಳದಲ್ಲಿ ಅಂಗಡಿಯಿಂದ ಇಪ್ಪತ್ತು ಸೇರು ರಾಗಿ ಕೊಂಡು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅವರ ಜಗುಲಿಯ ಮೇಲೆ ಇಳಿಸಿದೆ. ಆಚಾರಪ್ಪ ಹಲ್ಲುಜ್ಜುತ್ತಿದ್ದರು. ಬಾಯಿ ತೊಳೆದು ಬಂದು ಚೀಲದೊಳಗೆ ಕೈ ಹಾಕಿ ನೋಡಿದರು.

"ಅಂಗಡೀದು."

"ಹೌದು. ನಮ್ಮ ನೇಗಿಲಿನ ಪಾಲು."

"ಅಂಗಡಿ ರಾಗಿ ಆಯ ಆಗಲ್ಲ ಮೇಷ್ಟ್ರೇ. ಅದು ರಾಶಿಯಿಂದ ಬರಬೇಕು. ನಿಮ್ಮ ನೇಗಿಲು ಯಾವುದು? ನಿಮಗೆ ಇರೋದು ಸೀಮೆಸುಣ್ಣ."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಆಮೇಲೆ ಹೊರಗೆ ಬಂದು, "ಬೇಜಾರು ಮಾಡ್ಕೋಬೇಡಿ. ಕಾಫಿ ಕುಡೀರಿ. ಬೆಲ್ಲ ಕಮ್ಮಿ ಐತೆ," ಎಂದರು. ಕುಡಿದೆ. ಬೆಲ್ಲ ಇರಲೇ ಇಲ್ಲ. ಚೀಲ ಹೊತ್ತು ಹಿಂದಿರುಗಿದೆ.

ಒಂದು ವಾರದ ಮೇಲೆ ಶಾಲೆಯ ಹಿಂದೆ ಸದ್ದು ನಿಂತಿತು. ಆಚಾರಪ್ಪ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸಕ್ಕೆ ಸೇರಿದ್ದರು. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದರು. ಮಕ್ಕಳು ಮಗ್ಗಿಯನ್ನು ಈಗ ಬೇಗ ಬೇಗ ಹೇಳುತ್ತಿದ್ದರು, ಹಿಡಿದು ನಿಲ್ಲಿಸುವ ತಾಳವಿರಲಿಲ್ಲ.

ಬೇಸಿಗೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದಾಗ ಗೊತ್ತಾಯಿತು. ಮೊಂಡು ಗುಳ ನೆಲಕ್ಕೆ ಹೋಗದೆ ಮೇಲೆ ಜಾರುತ್ತಿತ್ತು. ಗುಳ ಹೊತ್ತು ಮಾಸ್ತಿಗೆ ಹೋದರೆ ಅಲ್ಲಿನ ಕುಲುಮೆಯವನು ತನ್ನ ಊರಿನವರದು ಮುಗಿಯಲಿ ಎಂದ. ಮಾಲೂರಿಗೆ ಹೋದವರು ಒಂದು ಗುಳಕ್ಕೆ ಕೇಳಿದ ಕೂಲಿ, ಬಸ್ ಚಾರ್ಜು, ಹೋದ ದಿನ ಮೂರನ್ನೂ ಕೂಡಿಸಿ ಬೈಯುತ್ತ ಬಂದರು. ಮಣ್ಣಿನ ಹದ ನಾಲ್ಕೈದು ದಿನ ನಿಲ್ಲುತ್ತದೆ, ಆಮೇಲೆ ಆರುತ್ತದೆ. ಎರಡನೆಯ ದಿನ ಬೆಳಿಗ್ಗೆ ನಾಲ್ಕು ಜನ ರೈತರು ನಮ್ಮ ಜಗುಲಿಗೆ ಬಂದರು.

"ಮೇಷ್ಟ್ರೇ, ನೀವು ಹೋಗಿ ಕರಕೊಂಡ್ಬನ್ನಿ," ಎಂದ ಒಬ್ಬ.

"ನಾನ್ಯಾಕೆ?"

"ಓಡಿಸಿದೋರು ನೀವಲ್ವಾ?"

ಅಣ್ಣ ಎತ್ತಿಗೆ ಹುಲ್ಲು ಹಾಕುತ್ತ ಕೇಳಿಸಿಕೊಳ್ಳುತ್ತಿದ್ದ. ನಾನು ಆ ದಿನಕ್ಕೆ ರಜೆ ಬರೆದಿಟ್ಟೆ. ನನ್ನ ಆವರೆಗಿನ ನೌಕರಿಯಲ್ಲಿ ಅದು ಎರಡನೆಯ ರಜೆ. ಎಂಟರ ಬಸ್ಸು ಹಿಡಿದೆ.

ಕಾರ್ಖಾನೆಯ ಬಾಗಿಲಲ್ಲಿ ಊಟದ ಹೊತ್ತಿಗೆ ಆಚಾರಪ್ಪ ಸಿಕ್ಕರು. ಕೂದಲು, ಹುಬ್ಬು ಎಲ್ಲ ಕೆಂಪು ಧೂಳು. ಕುಲುಮೆಯಲ್ಲಿ ಕಪ್ಪಗೆ ಕಂಡವರನ್ನು ಹೀಗೆ ನೋಡಿ ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಮಳೆ ಬಿತ್ತಾ?" ಎಂದು ಅವರೇ ಕೇಳಿದರು.

"ಬಿತ್ತು."

"ಅದಕ್ಕೆ ನೀವು ಬಂದ್ರಿ."

"ಹೌದು."

ಅವರು ಮುದ್ದೆಯ ಗಂಟು ಬಿಚ್ಚಿದರು. ನನಗೂ ಅರ್ಧ ಮುರಿದು ಕೊಟ್ಟರು. ಇಲ್ಲಿ ವಾರಕ್ಕೊಮ್ಮೆ ಕೂಲಿ ಬರುತ್ತದೆ, ಎರಡು ತಿಂಗಳಿಗೊಮ್ಮೆ ಏನಾದರೂ ಏರಿಸುತ್ತಾರೆ, ಆದರೆ ಏರಿಸುವ ಹೊತ್ತಿಗೆ ಅಂಗಡಿಯವನು ಮುಂದೆ ಹೋಗಿರುತ್ತಾನೆ ಎಂದರು. ಬಾಡಿಗೆ ಬೇರೆ. ಹೆಂಡತಿಗೆ ಕೆಮ್ಮು.

"ನಾಳೆ ಬೆಳಗಿನ ಬಸ್ಸಿಗೆ ಬರ್ತೀನಿ. ಆದ್ರೆ ವರ್ಷದ ರಾಗಿ ಪೂರ್ತಿ ಮುಂಚೆ ಬರಬೇಕು. ಎಂಟು ಪಲ್ಲ. ಮನೆ ಸೇರಿದ ಮೇಲೆ ಬೆಂಕಿ ಹಾಕ್ತೀನಿ."

"ಈಗ ಕಣ ಎಲ್ಲಿದೆ ಆಚಾರಪ್ಪ? ರಾಗಿಯೆಲ್ಲ ಹಗೇವಿಗೆ ಹೋಯ್ತು."

"ಹಗೇವಿಗೆ ಬಾಯಿ ಇಲ್ವಾ?"

ಈ ಮಾತಿನ ಭಾರ ಆ ಕಡೆಯವರಿಗೆ ಮಾತ್ರ ತಿಳಿಯುತ್ತದೆ. ಹಗೇವು ಎಂದರೆ ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ರಾಗಿಯ ಗುಂಡಿ. ಒಳಗೆ ಹುಲ್ಲು ಹೊದಿಸಿ, ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಇಪ್ಪತ್ತು ಸೇರಿಗೆಂದು ಅದನ್ನು ತೆರೆಯಲಾಗದು. ಮಳೆಗಾಲದಲ್ಲಿ ಒಮ್ಮೆ ತೆರೆದರೆ ತೇವ ಇಳಿಯುತ್ತದೆ, ಎಲ್ಲವನ್ನೂ ತೆಗೆಯಲೇಬೇಕು. ತೆಗೆದದ್ದನ್ನು ಇಡಲು ಜಾಗವಿಲ್ಲದೆ ಮಾರಲೇಬೇಕು. ಬೆಲೆ ವಾರವಾರಕ್ಕೆ ಏರುತ್ತಿದ್ದ ಆ ವರ್ಷ ಹಗೇವು ಇದ್ದವರೆಲ್ಲ ಬಾಯಿ ಮುಚ್ಚಿ ಕಾಯುತ್ತಿದ್ದರು. ಯಾರದರಲ್ಲಿ ಎಷ್ಟಿದೆ ಎಂಬುದೂ ಗುಟ್ಟು.

ಸಂಜೆ ಊರ ಮುಂದಿನ ಕಟ್ಟೆಯಲ್ಲಿ ಎಲ್ಲರೂ ಸೇರಿದರು. ಆಚಾರಪ್ಪ ಕೇಳಿದ್ದನ್ನು ಹೇಳಿದೆ. ಒಪ್ಪಿಗೆಗೆ ಅಡ್ಡಿಯಿರಲಿಲ್ಲ. ಯಾರ ಹಗೇವು ತೆರೆಯುವುದು ಎಂಬಲ್ಲಿ ಎಲ್ಲರೂ ನೆಲ ನೋಡಿದರು. ಒಂದನ್ನು ತೆರೆದು ಎಂಟು ಪಲ್ಲವನ್ನೂ ಅದರಿಂದಲೇ ಕೊಡುವುದು, ಉಳಿದ ಮನೆಗಳವರು ಮುಂದಿನ ಸುಗ್ಗಿಯಲ್ಲಿ ತಮ್ಮ ತಮ್ಮ ಪಾಲನ್ನು ಆ ಮನೆಗೆ ಅಳೆಯುವುದು ಎಂದು ನಾನು ಸೂಚಿಸಿದೆ.

"ಬರೀತೀರಾ?" ಎಂದು ಒಬ್ಬ ಕೇಳಿದ. ಕಟ್ಟೆಯೆಲ್ಲ ನಕ್ಕಿತು. ನಾನು ಬರೆಯುವುದಿಲ್ಲ ಎಂದೆ.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತೆವು. ಅತ್ತಿಗೆ ಸಾರು ಬಡಿಸುತ್ತ, "ಯಾರದು ತೆಗೀತಾರಂತೆ?" ಎಂದರು.

"ಯಾರೋ ತೆಗೀತಾರೆ," ಎಂದ ಅಣ್ಣ.

"ಯಾರೋ ಅಂದ್ರೆ? ಅವರು ಮೊದಲು ಬಂದು ನಿಂತದ್ದು ಯಾರ ಕಣದಲ್ಲಿ? ಬರೆದದ್ದು ಈ ಮನೆ ಮೇಷ್ಟ್ರು, ಹೋಗು ಅಂದದ್ದು ಈ ಮನೆ ಗೌಡ. ಇನ್ನೊಬ್ಬರ ಹಗೇವು ಯಾಕೆ ಬಾಯಿ ಬಿಡಬೇಕು?"

"ಇನ್ನೊಂದು ತಿಂಗಳು ಬಿಟ್ರೆ ಪಲ್ಲಕ್ಕೆ ಇನ್ನೂ ಇಷ್ಟು ಏರುತ್ತೆ ಕಣೇ."

"ಏರಲಿ. ಹೊಲಕ್ಕೆ ಹೋಗಿ ಮೊಂಡು ಗುಳ ಹಿಡ್ಕೊಂಡು ಆಕಾಶ ನೋಡಿ. ಈ ವರ್ಷದ್ದನ್ನ ಚೆನ್ನಾಗಿ ಮಾರ್ಕೊಂಡು ಮುಂದಿನ ವರ್ಷಕ್ಕೆ ಏನು ಬಿತ್ತೋದು?"

ಅಣ್ಣ ನನ್ನ ಕಡೆ ತಿರುಗಿದ. "ನಿನಗೇನೋ? ಸರ್ಕಾರ ತುಟ್ಟಿಭತ್ಯೆ ಕೊಡುತ್ತೆ. ನನ್ನ ತುಟ್ಟಿಭತ್ಯೆ ಆ ಗುಂಡಿಯಲ್ಲೈತೆ."

ಅದು ನ್ಯಾಯವಾದ ಮಾತಾಗಿತ್ತು. ಹಾಗೆಂದು ಹೇಳಿದೆ. ಅವನು ಮಜ್ಜಿಗೆ ಹಾಕಿಸಿಕೊಂಡ.

ಮರುದಿನ ಭಾನುವಾರ ಐದಕ್ಕೆ ನಾನು ಸ್ನಾನ ಮುಗಿಸಿ ಹಿತ್ತಲಿಗೆ ಬಂದಾಗ ಅಣ್ಣ ಹಗೇವಿನ ಬಾಯಿಯ ಮಣ್ಣು ಕೆದಕುತ್ತಿದ್ದ. ಇಬ್ಬರೂ ಸೇರಿ ಕಲ್ಲು ಸರಿಸಿದೆವು. ಕೆಟ್ಟ ಗಾಳಿ ಹೊರಗೆ ಹೋಗಲೆಂದು ಮಧ್ಯಾಹ್ನದವರೆಗೆ ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ ಪರೀಕ್ಷಿಸಿದೆವು. ದೀಪ ಆರಲಿಲ್ಲ. ಅಣ್ಣ ಒಳಗೆ ಇಳಿದು ಬುಟ್ಟಿ ತುಂಬಿದ. ಹೊರಗೆ ನಿಂತು ಹಗ್ಗ ಎಳೆದವರಲ್ಲಿ ನಮ್ಮ ಗುಟ್ಟು ತಿಳಿಯಬೇಕೆಂದೇ ಬಂದವರು ಇಬ್ಬರಿದ್ದರು. ಇಪ್ಪತ್ತೆರಡು ಪಲ್ಲ ಇತ್ತು. ಸಂಜೆಯೊಳಗೆ ಆ ಸಂಖ್ಯೆ ಊರಿಗೆಲ್ಲ ತಿಳಿದಿತ್ತು.

ಅಷ್ಟರಲ್ಲಿ ಬೆಳಗಿನ ಬಸ್ಸಿಗೆ ಆಚಾರಪ್ಪ ಮತ್ತು ಅವರ ಹೆಂಡತಿ ಬಂದಿದ್ದರು. ಅಣ್ಣ ಮೈಗೆಲ್ಲ ಧೂಳು ಹತ್ತಿಸಿಕೊಂಡು ಮೇಲೆ ಬಂದ. ಸೇರನ್ನು ಕೈಗೆ ತೆಗೆದುಕೊಂಡು, "ಆಯ," ಎಂದ. ಆಚಾರಪ್ಪನ ಹೆಂಡತಿ ಸೆರಗು ಕಟ್ಟಿ ಚೀಲದ ಬಾಯಿ ಹಿಡಿದರು. ಅಳೆಯುವಾಗ ಅಣ್ಣ ಸೇರಿನ ತಲೆ ತಟ್ಟಿ ಮಟ್ಟ ಮಾಡಲು ಹೋದ. ಆಕೆ ಅವನ ಕೈ ನೋಡಿದರು. ಅವನು ತಲೆ ತುಂಬಿಯೇ ಹಾಕಿದ. ಎಂಟು ಪಲ್ಲ ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ.

ಉಳಿದ ಹದಿನಾಲ್ಕು ಪಲ್ಲದಲ್ಲಿ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಅಣ್ಣ ಮಿಕ್ಕದ್ದನ್ನು ಆ ವಾರವೇ ಮಾರಿದ. ಆಮೇಲೂ ಎರಡು ತಿಂಗಳು ಬೆಲೆ ಏರಿತು. ನಾನು ಮುಂದೆ ಮುಳಬಾಗಿಲಿಗೆ, ಆಮೇಲೆ ಶ್ರೀನಿವಾಸಪುರಕ್ಕೆ ವರ್ಗವಾದೆ. ಎಂಬತ್ತರ ದಶಕದಲ್ಲಿ ರಜೆಗೆ ಊರಿಗೆ ಹೋದಾಗಲೂ ಅವನು ಆ ನಷ್ಟವನ್ನು ಪೈಸೆ ಬಿಡದೆ ಹೇಳುತ್ತಿದ್ದ. ಸುಗ್ಗಿಯಲ್ಲಿ ನಮಗೆ ಅಳೆಯಬೇಕಿದ್ದ ಮನೆಗಳಲ್ಲಿ ಮೂರು ಅಳೆಯಲಿಲ್ಲ. ಆಚಾರಪ್ಪನ ಹತ್ತಿರ ಮಾತ್ರ ಮತ್ತೆಂದೂ ಯಾರೂ ದುಡ್ಡಿನ ಮಾತೆತ್ತಲಿಲ್ಲ. ಟ್ರ್ಯಾಕ್ಟರು ಬಂದು ನೇಗಿಲುಗಳು ಕಡಿಮೆಯಾಗುವವರೆಗೆ ಅವರು ಪ್ರತಿ ಸುಗ್ಗಿಯಲ್ಲೂ ಕಣಗಳಲ್ಲಿ ನಿಂತರು.

ಆ ದಿನ ರಾಗಿ ಮನೆ ಸೇರಿದ ಕೂಡಲೇ ಆಚಾರಪ್ಪ ಕುಲುಮೆ ಗುಡಿಸಿ ಬೆಂಕಿ ಹಾಕಿದರು. ಗುಳ ಹೊತ್ತ ರೈತರು ಶಾಲೆಯ ಗೋಡೆಯುದ್ದಕ್ಕೂ ಸಾಲು ಕುಳಿತಿದ್ದರು. ಅಣ್ಣ ಸ್ನಾನ ಮುಗಿಸಿ ನಮ್ಮ ಗುಳ ಹಿಡಿದು ನೇರ ಮುಂದಕ್ಕೆ ಹೋದ.

"ಗೌಡ, ಸಾಲು ಐತೆ," ಎಂದರು ಆಚಾರಪ್ಪ, ತಲೆ ಎತ್ತದೆ.

"ಹಗೇವು ನಂದು ಕಣಪ್ಪ!"

"ರಾಗಿ ನಲವತ್ತು ಮನೇದು. ಅಲ್ಲಿ ಹಿಂದೆ ಕೂತ್ಕೊಳ್ಳಿ."

ಅಣ್ಣ ಸಾಲನ್ನೊಮ್ಮೆ ನೋಡಿದ. ಹೋಗಿ ಕೊನೆಯಲ್ಲಿ ಕುಳಿತು ಪಕ್ಕದವನ ಹತ್ತಿರ ಬೀಡಿ ಕೇಳಿದ. ನಮ್ಮ ಸರದಿ ಬಂದದ್ದು ಮಾರನೆಯ ದಿನ ಹತ್ತು ಗಂಟೆಗೆ, ನಾನು ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ. ಹದ ಆರುವುದಕ್ಕೆ ಇನ್ನೂ ಒಂದು ದಿನ ಇತ್ತು. ಅಣ್ಣ ಬಿಸಿ ಗುಳವನ್ನು ನೀರಿಗದ್ದಿಸಿಕೊಂಡು ಹೊಲಕ್ಕೆ ಹೋದ.